ಮುಟ್ಟುವುದಕ್ಕೆ ಮುಂಚೆ: ಕಾಯಿಲೆ ಮಗುವಿನ ಶುಶ್ರೂಷೆ



ತ್ಯಾಗ, ಸೇವೆ, ಕೈಯಲ್ಲಿ ದೀಪ ಹಿಡಿದ ಮಹಿಳೆ ಎಂದು ಅರ್ಧ ಗಂಟೆ ಮಾತಾಡಿ, ಶಾಲು ಹೊದಿಸಿಕೊಂಡು ಮನೆಗೆ ಹೋಗಬಹುದಿತ್ತು. ಆ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಮಕ್ಕಳ ವಾರ್ಡಿನಲ್ಲಿ ದುಡಿದು, ಆಮೇಲೆ ಅದನ್ನೇ ಪಾಠ ಮಾಡಿದವಳು. ನನಗೆ ಬರುವುದು ಕೆಲಸದ ಮಾತು. ಹಾಗಾಗಿ ಇವತ್ತು ಒಂದೇ ಸಂಗತಿ ಹಿಡಿದುಕೊಳ್ಳುತ್ತೇನೆ: ಕಾಯಿಲೆ ಬಿದ್ದ ಮಗುವನ್ನು ನರ್ಸ್ ಹೇಗೆ ನೋಡಬೇಕು, ನೋಡಿದ್ದನ್ನು ಹೇಗೆ ಬರೆಯಬೇಕು. ಮಕ್ಕಳ ಚಿಕಿತ್ಸೆಯಲ್ಲಿ ಔಷಧಿಗಿಂತ ಮೊದಲು ಕೆಲಸಕ್ಕೆ ಬರುವುದು ಈ ನೋಟ. ವಾರ್ಡಿನಲ್ಲಿ ನೂಕುನುಗ್ಗಲು ಜಾಸ್ತಿಯಾದ ದಿನ ನಾವು ಮೊದಲು ಕೈಬಿಡುವುದೂ ಇದನ್ನೇ.

ದೊಡ್ಡವರ ವಾರ್ಡಿನಿಂದ ಹೊಸದಾಗಿ ಬಂದ ನರ್ಸ್ ಏನು ಮಾಡುತ್ತಾಳೆ? ಥರ್ಮಾಮೀಟರ್ ಹಿಡಿದು ಸೀದಾ ಮಗುವಿನ ಹತ್ತಿರ ಹೋಗುತ್ತಾಳೆ. ಒಂದೂವರೆ ವರ್ಷದ ಮಗು ಯೂನಿಫಾರ್ಮ್ ಕಂಡ ಕೂಡಲೇ ಅಮ್ಮನ ಕುತ್ತಿಗೆ ತಬ್ಬಿಕೊಂಡು ಚೀರುತ್ತದೆ. ಅಲ್ಲಿಗೆ ಪರೀಕ್ಷೆ ಮುಗಿದ ಹಾಗೆಯೇ. ಅಳುವ ಮಗುವಿನ ಉಸಿರು ಎಣಿಸಲು ಬರುವುದಿಲ್ಲ, ನಾಡಿ ನಂಬಲು ಬರುವುದಿಲ್ಲ, ಪಕ್ಕೆ ಸೆಳೆಯುತ್ತಿರುವುದು ಕಾಯಿಲೆಯಿಂದಲೋ ಅಳುವಿನಿಂದಲೋ ಹೇಳಲು ಬರುವುದಿಲ್ಲ. ಹೊಟ್ಟೆ ಮುಟ್ಟಿದರೆ ಕಲ್ಲಿನ ಹಾಗಿರುತ್ತದೆ.

ಅದಕ್ಕೇ ಮೊದಲು ದೂರ ನಿಲ್ಲಬೇಕು. ಮಗು ಅಮ್ಮನ ಮಡಿಲಲ್ಲೇ ಇರಲಿ. ಅಮ್ಮನ ಜೊತೆ ಮಾತಾಡುತ್ತಾ ಮಗುವಿನ ಮೇಲೊಂದು ಕಣ್ಣಿಟ್ಟಿರಬೇಕು. ಕಣ್ಣು ನಮ್ಮ ಕಡೆ ತಿರುಗುತ್ತದೆಯೇ, ಇಲ್ಲ ಎತ್ತಲೋ ನೋಡುತ್ತಾ ಬಿದ್ದುಕೊಂಡಿದೆಯೇ? ಅಮ್ಮನ ಬಳೆ ಹಿಡಿದು ಆಡುತ್ತಿದೆಯೇ, ಕೈ ಜೋತುಬಿದ್ದಿದೆಯೇ? ಮೂಗಿನ ಹೊಳ್ಳೆ ಅರಳುತ್ತಿವೆಯೇ? ಉಸಿರು ಬಿಡುವಾಗ ನರಳಿದ ಸದ್ದು ಬರುತ್ತಿದೆಯೇ? ತುಟಿಯ ಬಣ್ಣ ಹೇಗಿದೆ? ಇದಿಷ್ಟಕ್ಕೆ ಅರ್ಧ ನಿಮಿಷ ಸಾಕು, ಯಾವ ಉಪಕರಣವೂ ಬೇಡ. ನಾವು ಬಂದಿದ್ದಕ್ಕೆ ಗಲಾಟೆ ಮಾಡುವ ಮಗುವಿನ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಸೂಜಿ ಚುಚ್ಚಿದರೂ ಸುಮ್ಮನೆ ಮಲಗಿರುವ ಮಗುವನ್ನು ಕಂಡು ‘ಎಷ್ಟು ಜಾಣ ಮಗು’ ಎನ್ನುವವರಿದ್ದಾರಲ್ಲ, ಅವರನ್ನು ಕಂಡರೆ ಚಿಂತೆ.

ಆಮೇಲೆ ಉಸಿರಿನ ಎಣಿಕೆ. ಅಂಗಿಯನ್ನು ಅಮ್ಮನೇ ಮೇಲೆತ್ತಲಿ. ಮಗು ಹಾಲು ಕುಡಿಯುತ್ತಿರಬಾರದು, ಅಳುತ್ತಿರಬಾರದು. ಸೆಕೆಂಡು ಮುಳ್ಳಿರುವ ಗಡಿಯಾರವನ್ನು ಮಗುವಿನ ಹೊಟ್ಟೆಯ ನೇರಕ್ಕೆ ಹಿಡಿದು ಒಂದು ನಿಮಿಷ ಪೂರ್ತಿ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ಎಳೆಗೂಸಿಗೆ 60 ಅಥವಾ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ ಖಚಿತ ಮಾಡಿಕೊಳ್ಳಬೇಕು. ವಿದ್ಯಾರ್ಥಿಗಳೇ, ನಿಮ್ಮಲ್ಲಿ ಎಲ್ಲರಿಗೂ ಇದು ಬಾಯಿಪಾಠ. ಆದರೆ ಈ ಅಂಕಿಗಳು ಎಲ್ಲಿಂದ ಬಂದವು ಎಂದು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ, ಅದಕ್ಕೆ ಹೇಳುತ್ತೇನೆ.

1980ರ ದಶಕದ ಮೊದಲ ವರ್ಷಗಳು. ಪಪುವಾ ನ್ಯೂಗಿನಿಯ ಗುಡ್ಡಗಾಡಿನ ಗೊರೊಕಾ ಎಂಬಲ್ಲಿ ಫ್ರಾಂಕ್ ಶ್ಯಾನ್ ಎಂಬ ಮಕ್ಕಳ ವೈದ್ಯರಿದ್ದರು. ನ್ಯುಮೋನಿಯಾದಿಂದ ಮಕ್ಕಳು ಸಾಯುತ್ತಿದ್ದರು, ಹಳ್ಳಿಗಳಲ್ಲಿ ಎಕ್ಸ್‌ರೇ ಇಲ್ಲ. ಸ್ಟೆತಾಸ್ಕೋಪಿನಲ್ಲಿ ಕೇಳುವ ಸೂಕ್ಷ್ಮ ಸದ್ದನ್ನು ಆರೋಗ್ಯ ಕಾರ್ಯಕರ್ತರಿಗೆ ಕಲಿಸುವುದೂ ಕಷ್ಟ. ಯಾವ ಮಗುವಿಗೆ ಆಂಟಿಬಯೋಟಿಕ್ ಬೇಕು, ಯಾವುದನ್ನು ದಾಖಲು ಮಾಡಬೇಕು ಎಂಬುದನ್ನು ಉಸಿರಿನ ವೇಗ ಮತ್ತು ಪಕ್ಕೆ ಸೆಳೆತ ನೋಡಿಯೇ ತೀರ್ಮಾನಿಸಬಹುದು ಎಂದು ಅವರು 1984ರಲ್ಲಿ ಬರೆದರು. 1988ರಲ್ಲಿ ನಮ್ಮ ಪಕ್ಕದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಥಾಮಸ್ ಚೆರಿಯನ್, ಜೇಕಬ್ ಜಾನ್ ಮತ್ತು ಜೊತೆಗಾರರು ಇದನ್ನು ನಮ್ಮ ಕಡೆಯ ಮಕ್ಕಳಲ್ಲಿ ಪರೀಕ್ಷಿಸಿದರು. ಒಂದು ವರ್ಷದೊಳಗಿನವರಿಗೆ 50, ಅದಕ್ಕಿಂತ ದೊಡ್ಡವರಿಗೆ 40 ಎಂಬ ಗೆರೆ ಗಟ್ಟಿಯಾದದ್ದು ಅಲ್ಲಿ. ಇವತ್ತು ಅಂಗನವಾಡಿ ಪಕ್ಕದ ಉಪಕೇಂದ್ರದಲ್ಲಿ ಕೂತ ಆರೋಗ್ಯ ಸಹಾಯಕಿ ಬಳಸುವ ಅಂಕಿ, ವೆಲ್ಲೂರಿನ ಆಸ್ಪತ್ರೆಗೆ ಕೆಮ್ಮುತ್ತಾ ಬಂದ ಮಕ್ಕಳಿಂದ ಬಂದದ್ದು.

ಒಂದು ನಿಮಿಷ ಪೂರ್ತಿ ಯಾಕೆ, ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರಾಗದೇ? ಲೆಕ್ಕ ಹಾಕಿ ನೋಡಿ. ಎರಡು ತಿಂಗಳು ದಾಟಿದ, ವರ್ಷದೊಳಗಿನ ಮಗುವಿಗೆ ಹದಿನೈದು ಸೆಕೆಂಡಿಗೆ 12 ಉಸಿರಾದರೆ 48. ಮಗುವನ್ನು ಮನೆಗೆ ಕಳಿಸುತ್ತೀರಿ. 13 ಆದರೆ 52. ಚಿಕಿತ್ಸೆ ಶುರು ಮಾಡುತ್ತೀರಿ. ಎಣಿಕೆಯಲ್ಲಿ ಒಂದೇ ಒಂದು ಉಸಿರು ತಪ್ಪಿದರೆ ಮಗು ಗೆರೆಯ ಈಚೆಯಿಂದ ಆಚೆ ಹೋಗುತ್ತದೆ. ಸಾಲದ್ದಕ್ಕೆ ಎಳೆಗೂಸುಗಳು ಒಂದೇ ಲಯದಲ್ಲಿ ಉಸಿರಾಡುವುದಿಲ್ಲ. ನಾಲ್ಕಾರು ಸಲ ಬೇಗಬೇಗ ಎಳೆದುಕೊಂಡು, ಕೆಲವು ಸೆಕೆಂಡು ಸುಮ್ಮನಾಗಿ, ಮತ್ತೆ ಶುರು ಮಾಡುತ್ತವೆ. ನಿಮ್ಮ ಹದಿನೈದು ಸೆಕೆಂಡು ಇದರಲ್ಲಿ ಎಲ್ಲಿ ಬಿತ್ತೋ ಯಾರಿಗೆ ಗೊತ್ತು?

ಈಗ ಕಹಿ ಮಾತು. ಯಾವುದೇ ವಾರ್ಡಿಗೆ ಹೋಗಿ ಚಾರ್ಟುಗಳನ್ನು ಸಾಲಾಗಿ ತಿರುವಿ ಹಾಕಿ. ಮೂರು ತಿಂಗಳ ಕೂಸಿಗೂ 24, ಆರು ವರ್ಷದ ಹುಡುಗನಿಗೂ 24, ಬೆಳಿಗ್ಗೆ 24, ಸಂಜೆ 24. ಜಗತ್ತಿನ ಮಕ್ಕಳೆಲ್ಲ ಮಾತಾಡಿಕೊಂಡು ಉಸಿರಾಡುತ್ತಾರೇನೋ ಅನಿಸಬೇಕು! ಇದನ್ನು ಸೋಮಾರಿತನ ಎಂದು ಬೈದು ಮುಗಿಸುವ ಮೇಲಧಿಕಾರಿಗಳಿಗೆ ನನ್ನದೊಂದು ಲೆಕ್ಕ ಇದೆ. ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸಿಗೆ 40 ಮಕ್ಕಳಾದರೆ ಒಂದು ಸುತ್ತು ಉಸಿರು ಎಣಿಸಲಿಕ್ಕೇ 40 ನಿಮಿಷ ಬೇಕು. ಅದೂ ಒಂದು ಮಗುವೂ ಅಳದಿದ್ದರೆ. ಇಂಜೆಕ್ಷನ್, ಡ್ರಿಪ್, ನೆಬ್ಯುಲೈಸರ್, ರಿಜಿಸ್ಟರ್, ಆನ್‌ಲೈನ್ ಎಂಟ್ರಿ ಎಲ್ಲ ಆಮೇಲೆ. ಎಣಿಸಲು ಸಮಯ ಕೊಡದೆ ಕಾಲಂ ಮಾತ್ರ ಕೊಟ್ಟರೆ ಕಾಲಂ ತುಂಬುತ್ತದೆ, ಮತ್ತೇನಾಗುತ್ತದೆ? ಹಾಗಂತ ವಿದ್ಯಾರ್ಥಿಗಳಿಗೆ ನಾನು ರಿಯಾಯಿತಿ ಕೊಡುವುದಿಲ್ಲ. ಎಣಿಸಲಾಗದಿದ್ದರೆ ಆ ಜಾಗ ಖಾಲಿ ಬಿಡಿ. ಖಾಲಿ ಜಾಗ ಕಂಡರೆ ಮುಂದಿನ ಪಾಳಿಯವರು ಎಚ್ಚರಾಗುತ್ತಾರೆ. 24 ಎಂದು ಬರೆದಿದ್ದರೆ ನಂಬಿ ಮಲಗುತ್ತಾರೆ.

ಬರೆದದ್ದನ್ನು ನಂಬುವ ವಿಷಯದಲ್ಲಿ ರಕ್ತದೊತ್ತಡ ಇನ್ನೂ ದೊಡ್ಡ ಮೋಸಗಾರ. ಸಾಲ ಮಾಡಿಯಾದರೂ ಮದುವೆ ಜೋರಾಗಿ ಮಾಡುವ ಮನೆಯ ಹಾಗೆ ಮಗುವಿನ ದೇಹ. ಒಳಗೆ ಬರಿದಾಗುತ್ತಿದ್ದರೂ ಹೊರಗೆ ತೋರಿಸಿಕೊಳ್ಳುವುದಿಲ್ಲ. ನೀರಿನಂಶ, ರಕ್ತದ ಪ್ರಮಾಣ ಇಳಿಯುತ್ತಿದ್ದಂತೆ ಹೃದಯ ಜೋರಾಗಿ ಬಡಿಯುತ್ತದೆ, ಕೈಕಾಲಿನ ರಕ್ತನಾಳಗಳು ಬಿಗಿಯುತ್ತವೆ, ಒತ್ತಡ ಮಾತ್ರ ಕೊನೆಯವರೆಗೂ ನಿಲ್ಲುತ್ತದೆ. ಅದು ಬಿದ್ದಾಗ ನಮಗೆ ಉಳಿದಿರುವ ಸಮಯ ತೀರಾ ಕಡಿಮೆ.

ಮಳೆಗಾಲದಲ್ಲಿ ನಮ್ಮ ವಾರ್ಡುಗಳು ತುಂಬುವುದು ಡೆಂಗಿಯಿಂದ. ಅದನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಏಳು ವರ್ಷದ ಹುಡುಗಿ, ಜ್ವರದ ನಾಲ್ಕನೆಯ ದಿನ. ಬೆಳಗಿನ ಜಾವ ಜ್ವರ ಇಳಿದಿದೆ. ಅಜ್ಜಿ ದೇವರಿಗೆ ಕೈ ಮುಗಿದು ‘ಜ್ವರ ಬಿಡ್ತು ಸಿಸ್ಟರ್, ಡಿಸ್ಚಾರ್ಜ್ ಯಾವಾಗ?’ ಎಂದು ಕೇಳುತ್ತಾರೆ. ಅಜ್ಜಿಗೆ ನೆಮ್ಮದಿಯಾದ ಈ ಹೊತ್ತೇ ನರ್ಸಿಗೆ ಎಚ್ಚರದ ಹೊತ್ತು. ಡೆಂಗಿಯಲ್ಲಿ ರಕ್ತನಾಳಗಳಿಂದ ದ್ರವ ಸೋರಿಹೋಗುವ ಅಪಾಯದ ಘಟ್ಟ ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ನಡುವೆ, ಜ್ವರ ಇಳಿಯುವಾಗಲೇ ಶುರುವಾಗುತ್ತದೆ. ಒಂದೆರಡು ದಿನ ಇರುತ್ತದೆ. ಹುಡುಗಿ ಹೊಟ್ಟೆನೋವು ಎನ್ನುತ್ತಾಳೆ, ಎರಡು ಸಲ ವಾಂತಿಯಾಗಿದೆ, ಪಾದ ಮುಟ್ಟಿದರೆ ತಣ್ಣಗೆ. ಎದೆಯ ನಡುವೆ ಬೆರಳಿಟ್ಟು ಐದು ಸೆಕೆಂಡು ಒತ್ತಿ ಬಿಟ್ಟರೆ, ಬಿಳಿಚಿದ ಚರ್ಮಕ್ಕೆ ಬಣ್ಣ ಮರಳಲು ಮೂರು ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಬಿ.ಪಿ. ನೋಡಿದರೆ 100/82. ‘ನೂರಿದೆ, ಪರವಾಗಿಲ್ಲ’ ಎಂದು ಬರೆದು ಮುಂದಿನ ಮಂಚಕ್ಕೆ ಹೋಗಿಬಿಡಬಹುದು. ಮೇಲಿನ ಅಂಕಿಯಿಂದ ಕೆಳಗಿನದನ್ನು ಕಳೆದವಳು ಮಾತ್ರ ಓಡಿಹೋಗಿ ಡಾಕ್ಟರನ್ನು ಕರೆಯುತ್ತಾಳೆ. ವ್ಯತ್ಯಾಸ 18. ಇಪ್ಪತ್ತು ಅಥವಾ ಅದಕ್ಕೂ ಕಡಿಮೆಯಾದರೆ ಡೆಂಗಿ ಮಗು ಶಾಕ್‌ಗೆ ಜಾರುತ್ತಿದೆ ಎಂದೇ ತಿಳಿಯಬೇಕು. ಮನೆಯವರೆಲ್ಲ ಪ್ಲೇಟ್‌ಲೆಟ್ ಎಷ್ಟು ಎಂದು ಕೇಳುತ್ತಿರುತ್ತಾರೆ, ಟಿ.ವಿ.ಯವರೂ ಅದನ್ನೇ ಕೇಳುತ್ತಾರೆ. ಪಾದ ತಣ್ಣಗಿದೆಯೇ, ಮಗು ಎಷ್ಟು ಹೊತ್ತಿನಿಂದ ಮೂತ್ರ ಮಾಡಿಲ್ಲ ಎಂದು ಕೇಳಬೇಕಾದವರು ನಾವು.

ಇಂಗ್ಲೆಂಡಿನ ಬ್ರೈಟನ್ ನಗರದ ಮಕ್ಕಳ ಆಸ್ಪತ್ರೆಯಿಂದ 2005ರಲ್ಲಿ ಅಲನ್ ಮೊನಹನ್ ಎಂಬುವರು ಒಂದು ಅಂಕಪಟ್ಟಿ ಪ್ರಕಟಿಸಿದರು. ಹೀಗೆ ಮಗುವಿನ ಸ್ಥಿತಿ ಹದಗೆಡುವುದನ್ನು ಮೊದಲೇ ಹಿಡಿಯುವ ಸಲುವಾಗಿ ಮಾಡಿದ್ದು ಅದು. ಅದರಲ್ಲಿ ಉಸಿರಾಟವಿದೆ, ರಕ್ತಪರಿಚಲನೆಯಿದೆ. ಅವೆರಡರ ಸಮಕ್ಕೆ ಮಗುವಿನ ನಡವಳಿಕೆಯೂ ಇದೆ: ಆಡುತ್ತಿದೆಯೇ, ಮಲಗಿದೆಯೇ, ಕಿರಿಕಿರಿ ಮಾಡುತ್ತಿದೆಯೇ, ಮಂಪರಿನಲ್ಲಿದೆಯೇ. ‘ಯಾಕೋ ಮಗು ಸಪ್ಪಗಿದೆ ಡಾಕ್ಟ್ರೇ’ ಎಂದು ನಮ್ಮ ಹಳೆಯ ಸಿಸ್ಟರುಗಳು ಹೇಳುತ್ತಿದ್ದ ಮಾತಿಗೂ ಅಂಕ ಕೊಟ್ಟರಲ್ಲ ಎಂದು ನನಗೆ ಖುಷಿಯಾಯಿತು.

ಎಳೆಗೂಸಿನ ಲೆಕ್ಕ ಬೇರೆ. ಸೋಂಕು ತಗುಲಿದ ನವಜಾತ ಶಿಶುವಿಗೆ ಜ್ವರ ಬರಲೇಬೇಕೆಂದಿಲ್ಲ, ಮೈ ತಣ್ಣಗಾಗಬಹುದು. ಕೈಯ ಹಿಂಬದಿಯಿಂದ ಹೊಟ್ಟೆ, ಪಾದ ಎರಡನ್ನೂ ಮುಟ್ಟಿ ನೋಡಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಕೂಸು ಚಳಿಯ ಜೊತೆ ಗುದ್ದಾಡುತ್ತಿದೆ. ಎರಡೂ ತಣ್ಣಗಿದ್ದರೆ ಸೋಲುತ್ತಿದೆ. ಕಂಕುಳಿನ ಉಷ್ಣತೆ 35.5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ 38ರ ಜ್ವರದಷ್ಟೇ ಗಾಬರಿ ಪಡಬೇಕು. ಅಮ್ಮನ ಎದೆಗೆ ಚರ್ಮಕ್ಕೆ ಚರ್ಮ ತಾಗಿಸಿ ಕೂಸನ್ನು ಕಟ್ಟಿಕೊಂಡು, ಮೇಲೆ ಹೊದಿಸಿ, ಹಾಗೆಯೇ ದೊಡ್ಡಾಸ್ಪತ್ರೆಗೆ ಕಳಿಸಬೇಕು.

ಅಮ್ಮನ ವಿಷಯ ಬಂತು. ಮಗುವಿನ ಪರೀಕ್ಷೆಯಲ್ಲಿ ಅರ್ಧ ಭಾಗ ಅಮ್ಮನನ್ನು ಮಾತಾಡಿಸುವುದೇ. ‘ಮಗು ಹಾಲು ಚೆನ್ನಾಗಿ ಕುಡೀತಾ?’ ಎಂದು ಕೇಳಿದರೆ ‘ಹೂಂ’ ಅನ್ನುತ್ತಾರೆ. ಹೂಂ ಅನ್ನದಿದ್ದರೆ ಸಿಸ್ಟರ್ ಬೈದಾರು ಎಂಬ ಭಯ. ‘ನಿನ್ನೆ ಎಷ್ಟು ಹೊತ್ತು ಎಳೀತಿತ್ತು, ಇವತ್ತು ಎಷ್ಟು ಹೊತ್ತು ಎಳೀತಿದೆ?’ ಎಂದು ಕೇಳಿ ನೋಡಿ. ‘ಬಾಯಿಗಿಟ್ರೆ ಎರಡು ಸಲ ಎಳೆದು ಬಿಟ್ಬಿಡ್ತದೆ’ ಎಂಬ ಉತ್ತರ ಹೊರಗೆ ಬರುತ್ತದೆ. ಆಮೇಲೂ ನಂಬಿ ಕೂರಬಾರದು, ನಮ್ಮೆದುರೇ ಹಾಲು ಕೊಡಿಸಿ ನೋಡಬೇಕು. ಕುಡಿಯಲಾಗದಿರುವುದು, ಕುಡಿದದ್ದೆಲ್ಲ ವಾಂತಿಯಾಗುವುದು, ಫಿಟ್ಸ್ ಬಂದಿರುವುದು, ಎಬ್ಬಿಸಿದರೂ ಏಳದ ಮಂಪರು, ಇವುಗಳಲ್ಲಿ ಒಂದೇ ಒಂದಿದ್ದರೂ ಎರಡು ತಿಂಗಳು ದಾಟಿದ, ಐದು ವರ್ಷದೊಳಗಿನ ಮಗುವನ್ನು ಕೂಡಲೇ ದಾಖಲು ಮಾಡಬೇಕು. ಫಿಟ್ಸ್ ಬಂದಾಗ ಮನೆಯಲ್ಲಿ ಈರುಳ್ಳಿ ಮೂಸಿಸಿರುತ್ತಾರೆ, ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟಿರುತ್ತಾರೆ. ಅದರಿಂದ ಹಾನಿಯಿಲ್ಲ, ನಗಬೇಡಿ. ಬಾಯಿಗೆ ಚಮಚ ತುರುಕಿದರೆ, ನೀರು ಹೊಯ್ದರೆ ಹಾನಿ. ಪಕ್ಕಕ್ಕೆ ಮಲಗಿಸುವುದನ್ನು ಅವರಿಗೆ ಅಲ್ಲೇ ಮಾಡಿ ತೋರಿಸಿ.

ಉತ್ತರ ಕರ್ನಾಟಕದ ಕೆಲವು ಕಡೆ ಅಂಗಿ ಬಿಚ್ಚಿದರೆ ಹೊಟ್ಟೆಯ ಮೇಲೆ ಬರೆ ಕಾಣಿಸುತ್ತದೆ. ಕೂಸು ಕಿರಿಕಿರಿ ಮಾಡುತ್ತದೆ, ಹೊಟ್ಟೆ ಉಬ್ಬಿದೆ ಎಂದು ಬಿಸಿ ತಾಗಿಸಿದ ಗುರುತು. ನೋಡಿದರೆ ಮೈ ಉರಿಯುತ್ತದೆ, ನಿಜ. ಆದರೆ ಬರೆ ಹಾಕಿಸಿದ್ದು ಬಹಳ ಸಲ ಮನೆಯ ಹಿರಿಯರು, ಬೈಸಿಕೊಳ್ಳುವುದು ಹತ್ತೊಂಬತ್ತು ವರ್ಷದ ತಾಯಿ. ವಾರ್ಡಿನ ನಡುವೆ ಅವಳ ಮೇಲೆ ಕೂಗಾಡಿದರೆ ಮುಂದಿನ ಕೂಸಿಗೂ ಬರೆ ಬೀಳುತ್ತದೆ, ನಮಗೆ ತೋರಿಸುವುದನ್ನು ಮಾತ್ರ ನಿಲ್ಲಿಸುತ್ತಾರೆ. ಗಾಯವನ್ನು ಸುಟ್ಟಗಾಯದಂತೆಯೇ ಉಪಚರಿಸಿ, ಏನಕ್ಕಾಗಿ ಹಾಕಿಸಿದರು ಎಂದು ಮೆಲ್ಲಗೆ ಕೇಳಿ. ಮೂಲ ಕಾಯಿಲೆ ಎಷ್ಟು ದಿನದ್ದು ಎಂಬುದು ಆ ಉತ್ತರದಲ್ಲಿ ಸಿಗುತ್ತದೆ. ಹಿರಿಯರನ್ನೂ ಕರೆಸಿ ಮಾತಾಡುವುದು ಅದಾದ ಮೇಲಿನ ಕೆಲಸ.

ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಮಕ್ಕಳ ವಾರ್ಡಿನಲ್ಲಿ ತಾಯಿಯನ್ನೇ ಉಳಿಯಗೊಡುತ್ತಿರಲಿಲ್ಲ. ವಾರಕ್ಕೊಮ್ಮೆ ಬಂದು ನೋಡಿಹೋಗಬೇಕೆಂಬ ನಿಯಮ ಎಷ್ಟೋ ಆಸ್ಪತ್ರೆಗಳಲ್ಲಿತ್ತು. ಜೇಮ್ಸ್ ರಾಬರ್ಟ್‌ಸನ್ ಎಂಬುವರು ಹರ್ನಿಯಾ ಆಪರೇಷನ್ನಿಗೆ ಸೇರಿದ ಎರಡೂವರೆ ವರ್ಷದ ಹುಡುಗಿಯೊಬ್ಬಳ ಎಂಟು ದಿನಗಳನ್ನು ಚಿತ್ರೀಕರಿಸಿ 1952ರಲ್ಲಿ ವೈದ್ಯರಿಗೆ ತೋರಿಸಿದರು. ಮೊದಲು ಅಳು, ಆಮೇಲೆ ಕುಗ್ಗಿಹೋಗುವುದು, ಕೊನೆಗೆ ಅಮ್ಮ ಬಂದರೂ ಮುಖ ತಿರುಗಿಸುವುದು. ಸಭೆಯಲ್ಲಿ ಎಷ್ಟೋ ಜನ ಸಿಟ್ಟಾದರು. ಆದರೂ ತಾಯಂದಿರಿಗೆ ಬಾಗಿಲು ತೆರೆಯಿರಿ ಎಂದು 1959ರಲ್ಲಿ ಅಲ್ಲಿನ ಸರ್ಕಾರದ ಪ್ಲಾಟ್ ವರದಿ ಹೇಳಿತು. ನಮ್ಮ ಸರ್ಕಾರಿ ವಾರ್ಡುಗಳಲ್ಲಿ ತಾಯಿ ಮೊದಲಿನಿಂದಲೂ ಮಗುವಿನ ಮಂಚದಲ್ಲೇ ಇದ್ದಾಳೆ. ನಾವು ಬುದ್ಧಿವಂತರಾಗಿದ್ದೆವು ಅಂತಲ್ಲ. ಬಟ್ಟೆ ಬದಲಿಸಲು, ಊಟ ಮಾಡಿಸಲು, ಬಾಟಲಿ ಖಾಲಿಯಾದರೆ ಓಡಿಬಂದು ಹೇಳಲು ಬೇರೆ ಯಾರೂ ಇರಲಿಲ್ಲ. ಹೇಗೋ ಒಳ್ಳೆಯದೇ ಆಯಿತು. ಇಷ್ಟೆಲ್ಲ ಮಾಡುವ ಅವಳಿಗೆ ಕೂರಲು ಒಂದು ಕುರ್ಚಿ, ರಾತ್ರಿ ಒಂದು ಚಾಪೆ ಕೊಡುವ ಯೋಚನೆ ಮಾತ್ರ ನಮಗಿನ್ನೂ ಪೂರ್ತಿ ಬಂದಿಲ್ಲ.

ಔಷಧಿಯ ಬಗ್ಗೆ ಚಿಕ್ಕದಾಗಿ. ತೂಕ ನೋಡದೆ ಮಗುವಿಗೆ ಯಾವುದನ್ನೂ ಕೊಡಬೇಡಿ. ಪ್ಯಾರಾಸಿಟಮಾಲ್ ಕಿಲೋಗೆ 15 ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ 150. ಅದು 5 ಮಿಲಿಗೆ 125 ಇರುವ ಸಿರಪ್‌ನಲ್ಲಿ 6 ಮಿಲಿ, 5 ಮಿಲಿಗೆ 250 ಇರುವುದರಲ್ಲಿ 3 ಮಿಲಿ, ಒಂದೇ ಮಿಲಿಗೆ 100 ಇರುವ ಡ್ರಾಪ್ಸ್‌ನಲ್ಲಿ ಒಂದೂವರೆ ಮಿಲಿ. ‘ಜ್ವರದ ಔಷಧಿ ಒಂದು ಚಮಚ ಹಾಕಿ’ ಎಂದು ಹೇಳಿ ಕಳಿಸಿದ ಮನೆಯಲ್ಲಿ ಡ್ರಾಪ್ಸ್ ಬಾಟಲಿ ಇದ್ದರೆ, 5 ಮಿಲಿ ಚಮಚಕ್ಕೆ 500 ಮಿಲಿಗ್ರಾಂ ಹೋಯಿತು. ಮನೆಯಲ್ಲಿರುವ ಬಾಟಲಿಯನ್ನೇ ತರಿಸಿ, ಅದರ ಜೊತೆ ಬರುವ ಅಳತೆಯಲ್ಲೇ ಗೆರೆ ಹಾಕಿ ಕೊಡಿ. ಡ್ರಿಪ್ಪಿಗೆ ಮೈಕ್ರೋ ಸೆಟ್ ಹಾಕಿದರೆ ಲೆಕ್ಕ ಸಲೀಸು: ಅದರಲ್ಲಿ 60 ಹನಿಗೆ ಒಂದು ಮಿಲಿ, ಆದ್ದರಿಂದ ಗಂಟೆಗೆ ಎಷ್ಟು ಮಿಲಿಯೋ ನಿಮಿಷಕ್ಕೆ ಅಷ್ಟೇ ಹನಿ.

ಆದರೆ ಭೇದಿಯಾದ ಬಹುಪಾಲು ಮಕ್ಕಳಿಗೆ ಡ್ರಿಪ್ ಬೇಕಿಲ್ಲ. 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ತುಂಬಿದ್ದ ಬನ್‌ಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ಡ್ರಿಪ್ ಬಾಟಲಿಗಳು ಮುಗಿದಾಗ ದಿಲೀಪ್ ಮಹಾಲನಬಿಸ್ ಎಂಬ ವೈದ್ಯರು ಡ್ರಮ್ಮುಗಳಲ್ಲಿ ಉಪ್ಪು, ಗ್ಲೂಕೋಸು ಕರಗಿಸಿ ಕುಡಿಸಿದರು. ಸುಮಾರು ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಕುಡಿಸಿದವರು ಹೆಚ್ಚಾಗಿ ರೋಗಿಗಳ ಮನೆಯವರೇ. 2023ರಲ್ಲಿ, ಅವರು ತೀರಿಕೊಂಡ ಮೇಲೆ, ದೇಶ ಪದ್ಮವಿಭೂಷಣ ಕೊಟ್ಟಿತು. ಇಷ್ಟಾಗಿಯೂ ನಮ್ಮ ಜನ ‘ಒಂದು ಬಾಟಲಿ ಗ್ಲೂಕೋಸ್ ಏರಿಸಿ’ ಎಂದೇ ಕೇಳುತ್ತಾರೆ. ಓ.ಆರ್.ಎಸ್. ಕೊಟ್ಟರೆ ವಾಂತಿ ಮಾಡುತ್ತದೆ ಎಂದು ದೂರುತ್ತಾರೆ. ಬಾಯಾರಿದ ಮಗುವಿಗೆ ಲೋಟ ಕೊಟ್ಟರೆ ಗಟಗಟ ಕುಡಿದು ಕಕ್ಕುತ್ತದೆ, ಅಷ್ಟೆ. ಕಕ್ಕಿದ ಮೇಲೆ ಹತ್ತು ನಿಮಿಷ ಬಿಟ್ಟು, ಆಮೇಲೆ ನಿಧಾನವಾಗಿ ಒಂದೊಂದೇ ಚಮಚ ಕೊಡುತ್ತಾ ಹೋಗಬೇಕು. ಜೊತೆಗೆ ಸತುವಿನ ಮಾತ್ರೆ ಹದಿನಾಲ್ಕು ದಿನ: ಆರು ತಿಂಗಳೊಳಗಿನವರಿಗೆ 10 ಮಿಲಿಗ್ರಾಂ, ದಾಟಿದವರಿಗೆ 20. ಭೇದಿ ಮೂರನೇ ದಿನಕ್ಕೆ ನಿಂತರೂ ಮಾತ್ರೆ ನಿಲ್ಲಿಸಬಾರದು.

ನೋವಿನ ಬಗ್ಗೆ ಹೇಳದಿದ್ದರೆ ಮಕ್ಕಳು ನನ್ನನ್ನು ಕ್ಷಮಿಸುವುದಿಲ್ಲ. ಹಸುಗೂಸಿಗೆ ನೋವು ಅಷ್ಟಾಗಿ ತಿಳಿಯದು ಎಂದು ವೈದ್ಯಲೋಕ ಬಹುಕಾಲ ನಂಬಿತ್ತು. ಅಲ್ಪಸ್ವಲ್ಪ ಅರಿವಳಿಕೆಯಲ್ಲೇ ಆಪರೇಷನ್ ಮಾಡುತ್ತಿದ್ದರು. ಇಂದೋರಿನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡಿಗೆ ಹೋದ ಕನ್ವಲ್‌ಜೀತ್ ಆನಂದ್, ಸರಿಯಾದ ನೋವುನಿವಾರಕ ಸಿಕ್ಕ ಅವಧಿಪೂರ್ವ ಶಿಶುಗಳು ಆಪರೇಷನ್ನಿನ ನಂತರ ಚೆನ್ನಾಗಿ ಚೇತರಿಸಿಕೊಳ್ಳುತ್ತವೆ ಎಂದು 1987ರಲ್ಲಿ ತೋರಿಸಿದ ಮೇಲೆ ಆ ನಂಬಿಕೆ ಅಲುಗಾಡಿತು. ಅದೇ ದಶಕದಲ್ಲಿ ಅಮೆರಿಕದ ಟಲ್ಸಾ ನಗರದ ಸುಟ್ಟಗಾಯದ ವಿಭಾಗದಲ್ಲಿ ಡೊನ್ನಾ ವಾಂಗ್ ಎಂಬ ನರ್ಸ್ ಮತ್ತು ಕಾನಿ ಬೇಕರ್ ಮಕ್ಕಳ ಕೈಗೇ ಖಾಲಿ ವೃತ್ತ ಕೊಟ್ಟು ಮುಖ ಬರೆಸಿದರು. ನಿಮ್ಮ ಗೋಡೆಯ ಮೇಲಿರುವ ಆರು ಮುಖಗಳ ಚಾರ್ಟು ಹುಟ್ಟಿದ್ದು ಹಾಗೆ. ಅದನ್ನು ತೋರಿಸುವಾಗ ಒಂದು ಮಾತು ಸೇರಿಸಿ: ಕೊನೆಯ ಮುಖ ಆರಿಸಲು ನೀನು ಅಳುತ್ತಿರಲೇಬೇಕು ಅಂತೇನಿಲ್ಲ. ಇಲ್ಲದಿದ್ದರೆ ಹಲ್ಲು ಕಚ್ಚಿ ಕೂತ ಹುಡುಗ ನಡುವಿನ ಮುಖ ತೋರಿಸಿ ಸುಮ್ಮನಾಗುತ್ತಾನೆ.

‘ಹಠ ಮಾಡಿದ್ರೆ ನೋಡು, ಸಿಸ್ಟರ್ ಇಂಜೆಕ್ಷನ್ ಚುಚ್ತಾರೆ’ ಎಂದು ಹೇಳದ ಮನೆ ಕರ್ನಾಟಕದಲ್ಲಿ ಇದೆಯೇ? ಗುಮ್ಮನ ಕೆಲಸವನ್ನು ಸಂಬಳವಿಲ್ಲದೆ ನಮಗೆ ವಹಿಸಿದ್ದಾರೆ. ಇದಕ್ಕೆ ನಾವೂ ‘ನೋವೇ ಆಗಲ್ಲ ಪುಟ್ಟಾ’ ಎಂಬ ಸುಳ್ಳು ಸೇರಿಸುತ್ತೇವೆ. ಆದೀತು, ಸ್ವಲ್ಪ ನೋವಾಗುತ್ತೆ, ಹತ್ತು ಎಣಿಸುವಷ್ಟರಲ್ಲಿ ಮುಗಿಯುತ್ತೆ ಎಂದು ನಿಜ ಹೇಳಿ ಎಣಿಸಲು ಹಚ್ಚಿ. ಎದೆಹಾಲು ಕುಡಿಯುವ ಕೂಸಾದರೆ ಹಾಲು ಕುಡಿಯುತ್ತಿರುವಾಗಲೇ ಚುಚ್ಚಿ. ಮಂಚದ ಮೇಲೆ ಮಲಗಿಸಿ ಮೂರು ಜನ ಅದುಮಿ ಹಿಡಿಯುವುದಕ್ಕಿಂತ ಅಮ್ಮನ ತೊಡೆಯ ಮೇಲೆ ಕೂರಿಸಿಕೊಂಡರೆ ನಿಮ್ಮ ಕೆಲಸವೂ ಬೇಗ ಮುಗಿಯುತ್ತದೆ.

ಕಡೆಗೆ ಡಿಸ್ಚಾರ್ಜ್. ಹಾಸಿಗೆಗಾಗಿ ಇನ್ನೊಂದು ಮಗು ಬಾಗಿಲಲ್ಲಿ ಕಾಯುತ್ತಿರುವಾಗ, ಚೀಟಿ ಕೈಗಿಟ್ಟು ‘ಎಲ್ಲಾ ಅರ್ಥ ಆಯ್ತಲ್ಲಮ್ಮಾ?’ ಎಂದು ಕೇಳಿ ಕಳಿಸುವುದು ರೂಢಿ. ಆಯ್ತು ಅನ್ನುತ್ತಾರೆ. ಹಾಗೆ ಕೇಳಬೇಡಿ. ‘ಮತ್ತೆ ಯಾವಾಗ ಕರ್ಕೊಂಡು ಬರ್ತೀರಾ, ನೀವೇ ಹೇಳಿ’ ಎಂದು ಕೇಳಿ. ‘ಸೋಮವಾರ ಬರಾಕ ಹೇಳ್ಯಾರ್ರೀ’ ಎಂದರೆ, ನೀವು ಹೇಳಿದ್ದರಲ್ಲಿ ಚೀಟಿಯ ಮೇಲಿನ ತಾರೀಖು ಮಾತ್ರ ಅವರಿಗೆ ತಲುಪಿದೆ. ಇನ್ನೊಮ್ಮೆ ಪಕ್ಕದಲ್ಲಿ ಕೂತು ಹೇಳಬೇಕು: ಹಾಲು ಎಳೆಯುವುದು ಬಿಟ್ಟರೆ, ಉಸಿರು ಜೋರಾದರೆ, ಪಕ್ಕೆ ಸೆಳೆದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ ಸೋಮವಾರಕ್ಕೆ ಕಾಯಬೇಡಿ, ರಾತ್ರಿಯಾದರೂ ಬನ್ನಿ, ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ. ಅವರ ಬಾಯಿಂದ ಅದನ್ನು ತಿರುಗಿ ಹೇಳಿಸಿಕೊಂಡ ಮೇಲೆ ಚೀಟಿಗೆ ಸಹಿ ಹಾಕಿ.